ಕಿರಣ ತಾಗದ ಮೂಲೆ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮುಚ್ಚಿಡಬೇಕಾದ ಹೆಸರೇನೂ ಅಲ್ಲ. ಎಪ್ಪತ್ತರ ದಶಕದಲ್ಲಿ ಪುತ್ತೂರಿನಲ್ಲಿ ಕಾಲೇಜಿಗೆ ಹೋಗಿ ಭೌತಶಾಸ್ತ್ರ ಓದಿದವರು ನಾಲ್ಕು ಸಾಲು ಓದುವುದರೊಳಗೆ ಇಂಥವರೇ ಎಂದು ಹೇಳಿಬಿಡುತ್ತಾರೆ. ಆದರೆ ಅವರು ನನ್ನ ಎದುರು ಕೂತು ನೋಡಿದ ಅಷ್ಟೂ ಎಕ್ಸ್-ರೇ ಫಿಲ್ಮುಗಳಲ್ಲಿ ಒಂದರ ಹೆಸರನ್ನೂ ಓದಿದವರಲ್ಲ. ಫಿಲ್ಮು ಕೈಗೆ ಬಂದ ಕೂಡಲೇ ಕಿಸೆಯಿಂದ ಕಪ್ಪು ಕಾಗದದ ಚೂರೊಂದನ್ನು ತೆಗೆದು, ಕೆಳಗೆ ಬಿಳಿ ಶಾಯಿಯಲ್ಲಿ ಬರೆದಿದ್ದ ಹೆಸರಿನ ಮೇಲೆ ಅಂಟಿಸುತ್ತಿದ್ದರು. "ಹೆಸರು ಗೊತ್ತಾದ್ರೆ ಕಣ್ಣು ಮೋಸ ಮಾಡ್ತದೆ," ಎನ್ನುತ್ತಿದ್ದರು. ಅವರು ತೀರಿಕೊಂಡು ಮೂವತ್ತೈದು ವರ್ಷದ ಮೇಲಾಯಿತು. ಅವರು ಬೇರೆಯವರಿಗೆ ಕೊಟ್ಟ ಮರ್ಯಾದೆಯನ್ನು ಅವರಿಗೂ ಕೊಡುವ ಎಂದು ನನ್ನ ಆಸೆ.

ನಾನು ಎಕ್ಸ್-ರೇ ತೆಗೆಯುತ್ತಿದ್ದವನು. ಪುತ್ತೂರು ಪೇಟೆಯ ಒಂದು ಖಾಸಗಿ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದೆ. ಉಗುರುಗಳ ಕಂದು ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ, ಸೊಂಟನೋವು ಹೋಗುವ ಲಕ್ಷಣವೇ ಇಲ್ಲ. ಮೊನ್ನೆ ಪಕ್ಕದ ಮನೆಯವರು ಬಂದು, ಪೇಟೆಯಲ್ಲಿ ಹೊಸದಾಗಿ ತೆರೆದ ಸ್ಕ್ಯಾನಿಂಗ್ ಕೇಂದ್ರದಲ್ಲಿ ಎದೆಯ ಚಿತ್ರವನ್ನು ಕಂಪ್ಯೂಟರೇ ಓದಿ ರೋಗ ಉಂಟೋ ಇಲ್ಲವೋ ಹೇಳುತ್ತದಂತೆ ಎಂದು ವರದಿ ಒಪ್ಪಿಸಿದರು. ನಾನು ಬಾಯಿ ತೆರೆದು ಬೆರಗಾಗುತ್ತೇನೆ ಎಂದು ಕಾದರು. ನನಗೆ ಬೆರಗು ಬರಲಿಲ್ಲ, ಆಯಾಸ ಬಂತು. ಆ ಕೆಲಸವನ್ನು ಇದೇ ಪುತ್ತೂರಿನಲ್ಲಿ ಒಬ್ಬರು ಐದು ವರ್ಷ ಕೂತು ಮಾಡಿದ್ದರು, ಮಾರಾಯ್ರೆ. ಅದು ಹಾಳಾದದ್ದು ನನ್ನ ಕೈಯಿಂದ. ಇಷ್ಟು ಬಾಯಿಬಿಟ್ಟ ಮೇಲೆ ಪೂರ್ತಿ ಹೇಳಿಯೇ ಬಿಡಬೇಕು.

ಅವರು ಮೊದಲು ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಶನಿವಾರ ನಮಗೆ ಅರ್ಧ ದಿನ, ನಾನು ಊಟದ ಬುತ್ತಿ ತೊಳೆದು ಹೊರಡುವವನಿದ್ದೆ. ನಮ್ಮ ಡಾಕ್ಟರು, ಅಂದರೆ ಆಸ್ಪತ್ರೆಯ ಯಜಮಾನರು, ಒಬ್ಬ ಸಪೂರ ಮನುಷ್ಯನನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿದರು. ಬಿಳಿ ಅಂಗಿ, ಕಿಸೆಯಲ್ಲಿ ನಾಲ್ಕು ಬಣ್ಣದ ನಾಲ್ಕು ಪೆನ್ನು, ಕೈಯಲ್ಲಿ ಬಿಸಿಲಿಗೂ ಕೊಡೆ. ವಯಸ್ಸು ನಲುವತ್ತರ ಹತ್ತಿರ.

"ಇವರು ಕಾಲೇಜಿನ ಮಾಸ್ಟ್ರು, ಇಲ್ಲೇ ನಮ್ಮ ಸವಣೂರಿನಿಂದ ಬರುದು. ಇವರಿಗೆ ಹಳೆ ಫಿಲ್ಮುಗಳು ಬೇಕಂತೆ," ಎಂದರು ಡಾಕ್ಟರು. "ಎಂತಕ್ಕೆ ಅಂತ ನನಗೆ ಅರ್ಥ ಆಗ್ಲಿಲ್ಲ. ನಿನಗೆ ಆದ್ರೆ ನನಗೂ ಹೇಳು." ಅಷ್ಟು ಹೇಳಿ ಊಟಕ್ಕೆ ಹೋದರು.

ಮಾಸ್ಟ್ರು ಸ್ಟೂಲಿನಲ್ಲಿ ಕೂತು ನನಗೆ ಪಾಠ ಮಾಡಿದರು. "ಫಿಲ್ಮು ಅಂದ್ರೆ ಎಂತ? ಎಲ್ಲಿ ಎಷ್ಟು ಕಪ್ಪು, ಎಲ್ಲಿ ಎಷ್ಟು ಬಿಳಿ. ಅಷ್ಟೇ ಅಲ್ವಾ? ಅದನ್ನು ಅಂಕಿ ಮಾಡಿದ್ರೆ ಕಂಪ್ಯೂಟರಿಗೆ ಕೊಡ್ಬಹುದು. ಕ್ಷಯ ಇದ್ದವರ ಅಂಕಿ, ಇಲ್ಲದವರ ಅಂಕಿ ಎರಡೂ ಕೊಟ್ರೆ ವ್ಯತ್ಯಾಸ ಎಲ್ಲಿ ಉಂಟು ಅಂತ ಅದು ಹುಡುಕಿ ತೆಗೀತದೆ. ಮತ್ತೆ ಹೊಸಬನ ಅಂಕಿ ಕೊಟ್ರೆ ಉಂಟಾ ಇಲ್ವಾ ಅಂತ ಅದೇ ಹೇಳ್ತದೆ."

"ನೀವು ಕಂಪ್ಯೂಟರ್ ನೋಡಿದ್ದೀರಾ ಮಾಸ್ಟ್ರೆ?" ಎಂದು ಕೇಳಿದೆ.

"ಒಂದು ಸಲ. ಗಾಜಿನ ಹೊರಗಿಂದ," ಎಂದರು. ಸುಳ್ಳು ಹೇಳಲಿಕ್ಕೆ ಬಾರದ ಮನುಷ್ಯ ಎಂದು ನನಗೆ ಅಲ್ಲೇ ಗೊತ್ತಾಯಿತು. ನನಗೆ ಸ್ವಲ್ಪ ಬರುತ್ತಿತ್ತು.

ಇದು ಅವರ ಪಿಎಚ್.ಡಿ. ಆದರೆ ಹೆಸರಿನ ಹಿಂದೆ ಡಾಕ್ಟರ್ ಅಂಟಿಸಿಕೊಳ್ಳುವ ಹುಚ್ಚಿನಿಂದ ಹೊರಟವರಲ್ಲ. ಅವರ ಅಕ್ಕನನ್ನು ಸುಳ್ಯದ ಕಡೆಗೆ ಕೊಟ್ಟಿದ್ದರು. ಆಕೆಗೆ ಕೆಮ್ಮು ಶುರುವಾದಾಗ ಎಕ್ಸ್-ರೇ ಏನೋ ತೆಗೆಸಿದರು, ಆದರೆ ಅದನ್ನು ಓದಬೇಕಾದ ಡಾಕ್ಟರು ರಜೆಯಲ್ಲಿದ್ದರು. ಫಿಲ್ಮು ಲಕೋಟೆಯೊಳಗೆ ಮೂರು ವಾರ ಬಿದ್ದುಕೊಂಡಿತ್ತು. ಓದಿಸುವ ಹೊತ್ತಿಗೆ ಆಕೆ ರಕ್ತ ಕಾರುತ್ತಿದ್ದರು. "ಸುಳ್ಯದಲ್ಲಿ, ಕಡಬದಲ್ಲಿ ಫಿಲ್ಮು ತೆಗೆಯುವವ ಒಬ್ಬ ಸಿಕ್ಕಿಯಾನು. ಓದುವವ ಇಲ್ಲ," ಎಂದರು ಮಾಸ್ಟ್ರು. "ಓದುವವ ಇಲ್ಲದ ಊರಲ್ಲಿ ಫಿಲ್ಮು ತಾನೇ ಮಾತಾಡ್ಬೇಕು." ಈ ಒಂದು ಮಾತಿಗೆ ನಾನು ನನ್ನ ಶನಿವಾರಗಳನ್ನು ಬರೆದುಕೊಟ್ಟೆ. ಹೆಂಡತಿ ಬೈದಳು. ಬೈಯಲಿ ಎಂದು ಬಿಟ್ಟೆ.

ಕೆಲಸದ ಕ್ರಮ ಹೀಗೆ. ಒಂದು ಗಾಜಿನ ಹಾಳೆಯ ಮೇಲೆ ಅವರು ಅಡ್ಡಕ್ಕೆ ಹದಿನಾಲ್ಕು, ಉದ್ದಕ್ಕೆ ಹದಿನೇಳು ಚೌಕ ಗೀರಿಸಿ ತಂದಿದ್ದರು. ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮು, ಫಿಲ್ಮಿನ ಮೇಲೆ ಆ ಗಾಜು. ಸೊನ್ನೆಯಿಂದ ಒಂಬತ್ತರವರೆಗೆ ಕಪ್ಪಿನ ಹತ್ತು ಮೆಟ್ಟಿಲು ಇರುವ ಒಂದು ಪಟ್ಟಿಯನ್ನು ನಾನೇ ಫಿಲ್ಮಿನ ಚೂರಿನಲ್ಲಿ ಮಾಡಿಕೊಟ್ಟಿದ್ದೆ. ಸೊನ್ನೆ ಅಂದರೆ ಗಾಜಿನಷ್ಟು ತಿಳಿ, ಒಂಬತ್ತು ಅಂದರೆ ಮಸಿ. ಆ ಪಟ್ಟಿಯನ್ನು ಪ್ರತಿ ಚೌಕದ ಪಕ್ಕ ಹಿಡಿದು ನಾನು ಅಂಕಿ ಕೂಗಬೇಕು, ಅವರು ಬರೆಯಬೇಕು. ಒಂದು ಎದೆಗೆ ಇನ್ನೂರ ಮೂವತ್ತೆಂಟು ಅಂಕಿ. ಮೂರನೇ ಎದೆಗೆ ಬರುವಾಗ ನನ್ನ ಮಂಡೆ ಬಿಸಿಯಾಗಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಚೌಕದ ಮಾಸ್ಟ್ರು ಎಂದೇ ಕರೆಯಲು ಶುರುಮಾಡಿದರು. ಅದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಚೌಕಗಳ ಲೆಕ್ಕ ಶುರುವಾಗುವುದು ಮೂಲೆಯಿಂದ. ನಮ್ಮ ಹಳೆಯ ಯಂತ್ರದ ಬಾಯಿ ಗುಂಡಗೆ ಇತ್ತು, ಹಾಗಾಗಿ ಫಿಲ್ಮಿನ ಮೂಲೆಗಳಿಗೆ ಕಿರಣ ತಾಗುತ್ತಿರಲಿಲ್ಲ. ಅಲ್ಲಿ ಏನೂ ಇರಬಾರದು. ನಾನು ಪ್ರತಿಸಲ "ಮೂಲೆ ಸೊನ್ನೆ" ಎಂದು ಶುರುಮಾಡುತ್ತಿದ್ದೆ. ಯಾವಾಗಲೋ ಒಮ್ಮೆ "ಮೂಲೆ ಒಂದು" ಎಂದೆ. ಮಾಸ್ಟ್ರು ಪೆನ್ನು ಎತ್ತಿ ನೋಡಿದರು.

"ಒಂದಾ? ಅಲ್ಲಿಗೆ ಕಿರಣ ತಾಗುದಿಲ್ಲ ಅಂದ್ರಲ್ಲ?"

"ಇಲ್ಲ. ಆದ್ರೂ ಸ್ವಲ್ಪ ಮಂಕುಂಟು. ಬೇಕಾದ್ರೆ ಸೊನ್ನೆ ಅಂತಲೇ ಬರೀರಿ."

"ಬೇಡ ಬೇಡ," ಎಂದರು. "ಕಂಡದ್ದನ್ನು ಹೇಳಿ. ಇರಬೇಕಾದದ್ದನ್ನು ಹೇಳ್ಬೇಡಿ." ಒಂದು ಎಂದೇ ಬರೆದುಕೊಂಡರು. ಆಮೇಲೆ ಅಂಥ ಒಂದು ಆಗಾಗ ಬಂತು. ಎರಡು ಮಾತ್ರ ಯಾವತ್ತೂ ಬರಲಿಲ್ಲ.

ಫಿಲ್ಮು ಒಟ್ಟುಮಾಡುವುದೇ ಒಂದು ಬಂಙ, ಸಣ್ಣ ಕಷ್ಟ ಅಲ್ಲ. ಆಗೆಲ್ಲ ಜನ ಫಿಲ್ಮನ್ನು ಮನೆಗೆ ಒಯ್ಯುತ್ತಿದ್ದರು. ಮಾಸ್ಟ್ರು ಆಸ್ಪತ್ರೆಯ ಪುಸ್ತಕ ನೋಡಿ ವಿಳಾಸ ಬರೆದುಕೊಂಡು, ಭಾನುವಾರ ಕೊಡೆ ಹಿಡಿದು ಹೊರಡುತ್ತಿದ್ದರು. ಬೆಟ್ಟಂಪಾಡಿ, ಕೊಯಿಲ, ಸುಳ್ಯದ ಆಚೆಯ ರಬ್ಬರ್ ಹಾಲು ತೆಗೆಯುವವರ ಸಾಲುಮನೆ, ಬಸ್ಸು ಇಳಿದ ಮೇಲೆ ಎಲ್ಲ ಕಡೆ ಕಾಲ್ನಡಿಗೆ. ತಂದ ಫಿಲ್ಮುಗಳನ್ನು ಶನಿವಾರ ನಾನು ಕಲಸಿ ಕೊಡುತ್ತಿದ್ದೆ, ಯಾವುದು ಯಾರದ್ದೆಂದು ಅವರಿಗೆ ತಿಳಿಯದ ಹಾಗೆ. ಆ ದೊಡ್ಡ ಸೂರ್ಯಗ್ರಹಣ ಆದ ಮೇಲೆ ಕಡಬದ ಹಸನಬ್ಬ ಎಂಬವರ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಒಣಮೀನಿನ ವ್ಯಾಪಾರ ಅವರದ್ದು, ಕ್ಷಯ ಗುಣವಾಗಿ ಗಟ್ಟಿಮುಟ್ಟಾಗಿದ್ದರು. ನಮ್ಮನ್ನು ಕೂರಿಸಿ, ಚಾ ಕೊಟ್ಟು, ತಲೆ ಕೆರೆದುಕೊಂಡರು.

"ಫಿಲ್ಮು ಉಂಟು ಮಾಸ್ಟ್ರೆ. ಇಲ್ಲ ಅಂತ ಅಲ್ಲ," ಎಂದರು. "ಆದ್ರೆ ಏಳು ಮನೆಯಲ್ಲಿ ಉಂಟು."

ಗ್ರಹಣ ನೋಡಲಿಕ್ಕೆಂದು ಅದನ್ನು ಕತ್ತರಿಸಿ ನೆರೆಮನೆಗಳಿಗೆಲ್ಲ ಹಂಚಿದ್ದರು! ನಾನು ನಕ್ಕು ನಕ್ಕು ಚಾ ಚೆಲ್ಲಿಕೊಂಡೆ. ಮಾಸ್ಟ್ರು ನಗಲಿಲ್ಲ. ಏಳು ಮನೆಗೂ ಹೋಗಿ, ಪ್ರತಿ ಮನೆಯಲ್ಲೂ ಸೂರ್ಯ ಹೇಗೆ ಕಂಡ ಎಂಬ ವರ್ಣನೆಯನ್ನು ಪೂರ್ತಿ ಕೇಳಿ, ಹಸನಬ್ಬರ ಎದೆಯ ಚೂರುಗಳನ್ನು ಒಂದೊಂದಾಗಿ ವಾಪಸು ತಂದು ಟೇಪು ಹಚ್ಚಿ ಜೋಡಿಸಿದರು. ಮೇಲಿನ ಒಂದು ಮೂಲೆ ಮಾತ್ರ ಸಿಗಲಿಲ್ಲ, ಯಾರೋ ಮಗುವಿನ ಕೈಗೆ ಕೊಟ್ಟು ಕಳೆದುಹೋಗಿತ್ತಂತೆ.

"ಹೋದ್ರೆ ಹೋಗ್ಲಿ," ಎಂದರು ಮಾಸ್ಟ್ರು. "ಮೂಲೆಯಲ್ಲಿ ರೋಗ ಇರುದಿಲ್ಲ."

ಈ ಮಾತು ನನಗೆ ಈಗಲೂ ನೆನಪಾಗುತ್ತದೆ, ನೆನಪಾದಾಗಲೆಲ್ಲ ಊಟ ಸೇರುವುದಿಲ್ಲ.

ಅಂಕಿಗಳನ್ನು ಕಾರ್ಡುಗಳಲ್ಲಿ ತೂತು ಮಾಡಿಸಿ ಕಂಪ್ಯೂಟರಿಗೆ ಉಣಿಸಬೇಕಾಗಿತ್ತು. ಕಂಪ್ಯೂಟರು ಇದ್ದದ್ದು ಘಟ್ಟದ ಮೇಲೆ, ಅವರ ಗೈಡ್ ಇದ್ದ ಊರಿನಲ್ಲಿ. ರಜೆ ಸಿಕ್ಕಿದಾಗಲೆಲ್ಲ ಮಾಸ್ಟ್ರು ಕಾರ್ಡಿನ ಪೆಟ್ಟಿಗೆಗಳನ್ನು ರೆಕ್ಸಿನ್ ಚೀಲದಲ್ಲಿ ಹಾಕಿ ಬಸ್ಸು ಹತ್ತುತ್ತಿದ್ದರು. ಒಮ್ಮೆ ಕಂಡಕ್ಟರು "ಇದೆಂತ ಮಾಸ್ಟ್ರೆ, ಲಾಟರಿ ಟಿಕೇಟಾ?" ಎಂದು ಕೇಳಿದನಂತೆ. "ಅಲ್ಲ, ಎದೆಗಳು. ಒದ್ದೆ ಆಗದ ಹಾಗೆ ಇಡು ಮಾರಾಯ," ಎಂದರಂತೆ ಇವರು. ಒಂದು ಕಾರ್ಡು ತಪ್ಪಿದರೆ ಇಡೀ ಲೆಕ್ಕ ನಿಂತುಹೋಗುತ್ತಿತ್ತು, ಮತ್ತೆ ಮುಂದಿನ ರಜೆಯವರೆಗೆ ಕಾಯಬೇಕು. ಹೀಗೆ ಐದು ವರ್ಷ. ಅವರ ಕನ್ನಡಕ ಎರಡು ಸಲ ದಪ್ಪವಾಯಿತು.

ಐದನೆಯ ವರ್ಷದ ಕೊನೆಗೆ ಒಂದು ಶನಿವಾರ ಬಂದರು. ಕೊಡೆ ಮರೆತು ಬಂದಿದ್ದರು, ಅದನ್ನು ನೋಡಿಯೇ ಏನೋ ವಿಶೇಷ ಎಂದುಕೊಂಡೆ. ಕಂಪ್ಯೂಟರು ಕ್ಷಯ ಇದ್ದವರನ್ನೂ ಇಲ್ಲದವರನ್ನೂ ಬಹುಮಟ್ಟಿಗೆ ಸರಿಯಾಗಿ ಬೇರೆ ಮಾಡಿತ್ತು. ಮೊದಲು ತೋರಿಸದೆ ಇಟ್ಟಿದ್ದ ಫಿಲ್ಮುಗಳಲ್ಲೂ ತಪ್ಪು ಕಡಿಮೆ. ನಮ್ಮ ಡಾಕ್ಟರು ಕೂಡ ಕಾಗದ ನೋಡಿ "ಅಯ್ಯೋ, ಇದು ನನಗಿಂತ ಹುಷಾರುಂಟಲ್ಲ ಮಾರಾಯ್ರೆ!" ಎಂದರು. ಅವತ್ತು ಮಾಸ್ಟ್ರು ನನ್ನನ್ನು ಹೋಟೆಲಿಗೆ ಕರಕೊಂಡು ಹೋಗಿ ಗೋಳಿಬಜೆ ತಿನ್ನಿಸಿದರು. ಬರೆಯುತ್ತಿದ್ದ ಪ್ರಬಂಧದ ಎರಡು ಹಾಳೆ ತಂದಿದ್ದರು. ಒಂದರಲ್ಲಿ ನನ್ನ ಹೆಸರಿತ್ತು, ಉಪಕಾರ ನೆನೆದು. ಇನ್ನೊಂದರಲ್ಲಿ ಕೆಲಸದ ಕ್ರಮ ಇತ್ತು. ಬೆರಳಿಟ್ಟು ಓದಿ, ಕನ್ನಡದಲ್ಲಿ ಅರ್ಥ ಹೇಳಿದರು: ಎಲ್ಲ ಫಿಲ್ಮುಗಳನ್ನೂ ಗಡಿಯಾರ ನೋಡಿ ಐದೇ ನಿಮಿಷ ತೊಳೆಯಲಾಗಿದೆ. ನಾನು ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ವಾಪಸು ಇಟ್ಟೆ. ಆದರೂ ಹೌದೆಂದು ತಲೆ ಅಲ್ಲಾಡಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೆಗೆದ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ರಾಸಾಯನಿಕದ ತೊಟ್ಟಿಗೆ ಇಳಿಸಿದರೆ ನಿಧಾನಕ್ಕೆ ಚಿತ್ರ ಮೂಡುತ್ತದೆ, ಇದಕ್ಕೇ ನಾವು ತೊಳೆಯುವುದು ಎನ್ನುವುದು. ಐದು ನಿಮಿಷ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಆದರೆ ನಮ್ಮ ಕಡೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಮಳೆಗಾಲದಲ್ಲಿ ವೋಲ್ಟೇಜು ಬಿದ್ದರೆ ಚಿತ್ರ ಪೇಲವ ಆಗುತ್ತದೆ, ದ್ರಾವಣ ಹಳತಾದರೆ ತಡವಾಗುತ್ತದೆ. ಹಾಗಾಗಿ ಕೆಂಪು ದೀಪದ ಎದುರು ಫಿಲ್ಮನ್ನು ಎತ್ತಿ ನೋಡುವುದು, ಸಾಲದಿದ್ದರೆ ಮತ್ತೆ ಮುಳುಗಿಸುವುದು. ಈ ಕಣ್ಣಳತೆಯೇ ನಮ್ಮ ಹೆಮ್ಮೆ. ಗಡಿಯಾರ ನೋಡಿ ತೊಳೆಯುವವನನ್ನು ನಾವು ಕೆಲಸ ಬಾರದವನು ಎಂದು ನಗುತ್ತಿದ್ದೆವು. ಆದರೆ ಪ್ರತಿಸಲ ಎತ್ತಿ ನೋಡುವಾಗಲೂ ಕೆಂಪು ದೀಪದ ಬೆಳಕು ಚೂರು ತಾಗಿ, ತೊಟ್ಟಿಯಲ್ಲಿ ಇದ್ದ ಹೊತ್ತೂ ಸೇರಿ, ಏನೂ ಇರಬಾರದ ಕಡೆಯೂ ಫಿಲ್ಮು ಸ್ವಲ್ಪ ಮಂಕಾಗುತ್ತದೆ.

ಮೊದಲ ವಾರವೇ ಮಾಸ್ಟ್ರು ಕೇಳಿದ್ದರು, ಎಲ್ಲವನ್ನೂ ಒಂದೇ ಹೊತ್ತು ತೊಳೆಯುವುದಾ ಎಂದು. ಡಬ್ಬದ ಮೇಲೆ ಇದ್ದದ್ದನ್ನು ಹೇಳಿಬಿಟ್ಟಿದ್ದೆ. ಓದಿದವರ ಎದುರು ಸಣ್ಣವನಾಗುವುದು ಬೇಡ ಎಂದು ಹೇಳಿದ ಒಂದು ಮಾತು, ಅಷ್ಟೇ.

ಗೋಳಿಬಜೆ ತಿಂದು ಎರಡು ತಿಂಗಳಾಗಿರಬೇಕು. ಮಾಸ್ಟ್ರು ಮತ್ತೆ ಬಂದರು, ಗಾಜಿನ ಹಾಳೆ ತಂದಿರಲಿಲ್ಲ. ಅಗಲದ ಕಂಪ್ಯೂಟರ್ ಕಾಗದವೊಂದನ್ನು ಮೇಜಿನ ಮೇಲೆ ಹರಡಿದರು. ಯಾವ ಚೌಕವನ್ನು ನೋಡಿ ಕಂಪ್ಯೂಟರು ತೀರ್ಮಾನಕ್ಕೆ ಬಂತು ಎಂಬ ಪಟ್ಟಿ ಅದು. ಶ್ವಾಸಕೋಶದ ನೆತ್ತಿಯ ಚೌಕಗಳು ಮೊದಲು ಬರಬೇಕಾಗಿತ್ತು.

"ಮೊದಲು ಬಂದದ್ದು ಮೂಲೆಗಳು," ಎಂದರು. "ತೂತು ಮಾಡುವಾಗ ತಪ್ಪಾಯ್ತಾ ಅಂತ ಮೂಲೆಗಳ ಅಂಕಿ ಮಾತ್ರ ಕೊಟ್ಟು ನೋಡಿದೆ. ಎದೆ ಇಲ್ಲ, ಶ್ವಾಸಕೋಶ ಇಲ್ಲ, ಎಂತ ಇಲ್ಲ. ಮತ್ತೆಯೂ ರೋಗ ಇದ್ದವರನ್ನು ಸರಿಯಾಗಿ ಹೇಳ್ತದೆ." ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಎಲ್ಲ ಫಿಲ್ಮೂ ಗಡಿಯಾರ ನೋಡಿಯೇ ತೊಳೆಯುದಲ್ವಾ?"

ನನಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಯಿತು. ಬಾಯಿ "ಹೌದು ಮಾಸ್ಟ್ರೆ" ಎಂದಿತು.

ಅವರು ನಂಬಿದರು. ನಂಬಿ, ತಪ್ಪನ್ನು ತನ್ನಲ್ಲೇ ಹುಡುಕಲು ಹೊರಟರು. ಆ ವಾರವಿಡೀ ಕಾಲೇಜಿಗೆ ರಜೆ ಹಾಕಿ, ಒಂದೊಂದೇ ಕಾರ್ಡನ್ನು ಅಂಕಿ ಬರೆದ ಪುಸ್ತಕಕ್ಕೆ ಹೋಲಿಸಿ ನೋಡಿದರಂತೆ. ನಾನು ಈ ಕಡೆ ದಿನವೂ ಕತ್ತಲೆ ಕೋಣೆಗೆ ಹೋಗುವುದು, ಫಿಲ್ಮು ಇಳಿಸುವುದು, ನನ್ನ ಕೈಯನ್ನೇ ಬೇರೆ ಯಾರದ್ದೋ ಕೈ ಎಂಬಂತೆ ನೋಡುವುದು. ಕೈ ಏನು ಮಾಡುತ್ತಿತ್ತೆಂದು ಆ ವಾರ ಕಂಡೆ. ಹೊರದೇಶಕ್ಕೆ ಹೋಗುವ ಮೊದಲು ಪರೀಕ್ಷೆಗೆ ಬಂದ ಗಟ್ಟಿ ಹುಡುಗರ ಫಿಲ್ಮನ್ನು ಒಂದು ಸಲ ಎತ್ತಿ ನೋಡಿ ಮುಗಿಸುತ್ತಿದ್ದೆ. ಬೀಡಿ ಕಟ್ಟುವ ಒಬ್ಬ ಹೆಂಗಸು ನನ್ನೆದುರೇ ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡಳು. ಅವಳದ್ದು ಸರಿಯಾಗಿ ಬರಲಿ, ಡಾಕ್ಟರಿಗೆ ಸ್ಪಷ್ಟ ಕಾಣಲಿ ಎಂದು ಅವಳ ಫಿಲ್ಮನ್ನು ನಾಲ್ಕು ಸಲ ಎತ್ತಿ ನೋಡಿದೆ. ಪಾಪ ಅನ್ನಿಸಿದವರ ಫಿಲ್ಮು ಹೆಚ್ಚು ಹೊತ್ತು ತೊಟ್ಟಿಯಲ್ಲಿ ಇರುತ್ತಿತ್ತು. ಐದು ವರ್ಷವೂ ಹೀಗೆಯೇ ಮಾಡಿರಬೇಕು. ಮಾಸ್ಟ್ರು ಹೆಸರು ಮುಚ್ಚಿದರು, ಆದರೆ ಅದಕ್ಕಿಂತ ಮೊದಲೇ ನಾನು ಕತ್ತಲೆಯಲ್ಲಿ ಗುರುತು ಹಾಕಿ ಕಳಿಸುತ್ತಿದ್ದೆ.

ಭಾನುವಾರ ಸವಣೂರಿನ ಬಸ್ಸು ಹತ್ತಿದೆ. ಅವರ ಮನೆ ಅಲ್ಲಿನ ಪೇಟೆಯಿಂದ ಅರ್ಧ ಮೈಲಿ. ಜಗಲಿಯ ತುಂಬ ಕಾರ್ಡುಗಳ ಕಟ್ಟು, ನಡುವೆ ಅವರು ಬನಿಯನಿನಲ್ಲಿ ಕೂತಿದ್ದರು. ಅವರ ಹೆಂಡತಿ ಬೆಲ್ಲ ನೀರು ತಂದಿಟ್ಟರು. ನಾನು ಮುಟ್ಟಲಿಲ್ಲ.

"ಮಾಸ್ಟ್ರೆ, ಅದು ಬಿಡಿ. ಕಾರ್ಡಲ್ಲಿ ತಪ್ಪಿಲ್ಲ," ಎಂದೆ. "ನಾನು ಗಡಿಯಾರ ನೋಡುದಿಲ್ಲ. ಯಾವತ್ತೂ ನೋಡಿದ್ದಿಲ್ಲ."

ಎಲ್ಲ ಹೇಳಿದೆ. ಕೆಂಪು ದೀಪ, ಎತ್ತಿ ನೋಡುವುದು, ಬೀಡಿ ಕಟ್ಟುವ ಹೆಂಗಸು. ಅವರು ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಕಾರ್ಡುಗಳನ್ನು ಅಂಚು ಸರಿಮಾಡಿ ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ. ದಮ್ಮಯ್ಯ, ಒಂದು ಸಲ ಬೈದುಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಹಾಗಾದ್ರೆ ಕಂಪ್ಯೂಟರ್ ಶ್ವಾಸಕೋಶ ಓದಿದ್ದೇ ಅಲ್ಲ," ಎಂದರು. "ಐದು ವರ್ಷ ಅದು ನಿಮ್ಮನ್ನು ಓದಿತು ಮಾರಾಯ್ರೆ." ಆಮೇಲೆ ಬೆಲ್ಲ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. "ಕುಡೀರಿ. ಬಿಸಿಲಿಗೆ ಬಂದದ್ದು ನೀವು."

ಅವರ ಗೈಡ್ ಮಹಾಶಯರು ಸುಲಭದ ದಾರಿ ಹೇಳಿದರಂತೆ: ಮೂಲೆಯ ಚೌಕಗಳನ್ನು ತೆಗೆದುಹಾಕಿ, ಉಳಿದದ್ದನ್ನು ಒಪ್ಪಿಸಿ, ಮೂಲೆಯನ್ನು ಯಾರು ಕೇಳುತ್ತಾರೆ. ಮಾಸ್ಟ್ರು ಮೂಲೆ ತೆಗೆದೂ ನೋಡಿದರು. ಫಲಿತಾಂಶ ಚೆನ್ನಾಗಿಯೇ ಬಂತು. ಅದೇ ಅವರಿಗೆ ಬೇಡವಾದದ್ದು. ಮಂಕು ಮೂಲೆಯಲ್ಲಿ ಮಾತ್ರ ಇರುತ್ತದಾ? ಅದು ಇಡೀ ಫಿಲ್ಮಿಗೆ ಹಬ್ಬಿರುತ್ತದೆ, ಮೂಲೆಯಲ್ಲಿ ಕಣ್ಣಿಗೆ ಕಾಣುತ್ತದೆ ಅಷ್ಟೇ. "ನಾಳೆ ಕಡಬದಲ್ಲಿ ಬೇರೆಯವ ಫಿಲ್ಮು ತೊಳೀತಾನೆ," ಎಂದರು ನನ್ನ ಹತ್ತಿರ. "ಅವನಿಗೆ ಪಾಪ ಅನ್ನಿಸದಿದ್ರೆ? ರೋಗ ಇಲ್ಲ ಅಂತ ಹೇಳ್ತದೆ ಇದು. ಅಕ್ಕನಂಥವರು ಮನೆಗೆ ಹೋಗ್ತಾರೆ." ಗೈಡಿಗೆ ಒಂದು ಹಾಳೆಯ ಕಾಗದ ಬರೆದು ಪ್ರಬಂಧವನ್ನು ವಾಪಸು ತೆಗೆದುಕೊಂಡರು. ಅದರಲ್ಲಿ ಫಿಲ್ಮು ತೊಳೆಯುವ ಕ್ರಮದಲ್ಲಿ ದೋಷ ಕಂಡುಬಂದಿದೆ ಎಂದಿತ್ತು. ಯಾರ ದೋಷ ಎಂದು ಇರಲಿಲ್ಲ.

ಅದಾಗಿ ಎರಡು ವಾರಕ್ಕೆ ಮತ್ತೆ ಶನಿವಾರ ಮಧ್ಯಾಹ್ನ ನನ್ನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಟೈಂಪೀಸು, ಬಡಿದರೆ ಸತ್ತವರು ಏಳುವಷ್ಟು ಶಬ್ದದ್ದು.

"ಐದು ನಿಮಿಷಕ್ಕೆ ಗಂಟೆ ಇಡಿ. ಬಡಿದ ಕೂಡಲೇ ತೆಗೀರಿ, ಚಿತ್ರ ಹೇಗೆ ಬೇಕಾದ್ರೂ ಬರ್ಲಿ," ಎಂದರು. "ಮತ್ತೆ ಒಂದರಿಂದ ಶುರು ಮಾಡುವಾ."

ಶುರುಮಾಡಿದೆವು. ನಾನು ಅವತ್ತಿನಿಂದ ಗಂಟೆಗೆ ಸರಿಯಾಗಿ ತೊಳೆದೆ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು. ಪೇಲವ ಫಿಲ್ಮು ಕಂಡು ಡಾಕ್ಟರು ರಗಳೆ ಮಾಡಿದರು, ಕೆಲವನ್ನು ಎರಡನೆಯ ಸಲ ತೆಗೆಯಬೇಕಾಯಿತು. ಒಂದು ವರ್ಷ ಎಳೆದೆವು. ಅಷ್ಟರಲ್ಲಿ ಮಾಸ್ಟ್ರ ಒಂದು ಕಣ್ಣಿಗೆ ಪೊರೆ ಬಂತು, ನನಗೆ ಸೊಂಟ ಹಿಡಿಯಿತು, ಗೈಡ್ ನಿವೃತ್ತರಾದರು. ಶನಿವಾರಗಳು ಎರಡು ವಾರಕ್ಕೊಂದಾದವು, ತಿಂಗಳಿಗೊಂದಾದವು. ನಿಲ್ಲಿಸುವ ಎಂದು ನಾವಿಬ್ಬರೂ ಹೇಳಲಿಲ್ಲ. ಸುಸ್ತಾಗಿ ಹೋಗಿತ್ತು, ಅಷ್ಟೇ. ಗಾಜಿನ ಹಾಳೆ ನನ್ನ ಕಪಾಟಿನ ಮೇಲೆಯೇ ಉಳಿಯಿತು. ಅವರು ಮಕ್ಕಳಿಗೆ ಪಾಠ ಹೇಳುತ್ತ, ಸವಣೂರಿನ ಬಸ್ಸಿನಲ್ಲಿ ಹೋಗಿ ಬರುತ್ತ ಇದ್ದರು. ಸಿಕ್ಕಿದರೆ "ಗಂಟೆ ಸರಿ ಬಡೀತದಾ?" ಎಂದು ಕೇಳುತ್ತಿದ್ದರು. ಕುಶಾಲಿಗೆ ಕೇಳುವುದೋ, ನಿಜವಾಗಿ ಕೇಳುವುದೋ ನನಗೆ ಯಾವತ್ತೂ ತಿಳಿಯಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಬೆಳಗ್ಗೆ ಎಕ್ಸ್-ರೇ ಸಾಲಿನಲ್ಲಿ ಅವರು ಚೀಟಿ ಹಿಡಿದು ನಿಂತಿದ್ದರು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿತ್ತು. ಅವರು ಆ ಮಳೆಗಾಲ ದಾಟಲಿಲ್ಲ, ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ.

"ಎಂತ ಮಾಸ್ಟ್ರೆ, ಸಾಲಲ್ಲಿ ನಿಂತದ್ದು? ಒಳಗೆ ಬನ್ನಿ."

"ಈ ಸಲ ನಾನು ಸಾಲಿನವನೇ," ಎಂದರು. "ಎರಡು ತಿಂಗಳಿಂದ ಕೆಮ್ಮು."

ತಮ್ಮ ಸರದಿ ಬರುವವರೆಗೆ ನಿಂತೇ ಇದ್ದರು. ಯಂತ್ರದ ಎದುರು ಎದೆ ಒತ್ತಿ ನಿಲ್ಲಿಸಿ, "ಉಸಿರು ಎಳೀರಿ, ಹಿಡೀರಿ," ಎಂದೆ. ಮೊದಲ ಸಲ ಹಿಡಿಯಲು ಆಗದೆ ಕೆಮ್ಮಿದರು. ಎರಡನೆಯ ಸಲ ಹಿಡಿದರು. ನಾನು ಕತ್ತಲೆ ಕೋಣೆಗೆ ಹೊರಟಾಗ ಬೆನ್ನ ಹಿಂದಿನಿಂದ ಹೇಳಿದರು: "ಐದು ನಿಮಿಷ, ಆಯ್ತಾ?"

"ಐದೇ ನಿಮಿಷ," ಎಂದೆ.

ಟೈಂಪೀಸಿಗೆ ಕೀಲಿ ಕೊಟ್ಟೆ. ಇಷ್ಟು ವರ್ಷ ಅದರ ಮಾತು ಮೀರಿದ್ದಿಲ್ಲ. ಫಿಲ್ಮು ಇಳಿಸಿ ಕೈಕಟ್ಟಿ ನಿಂತೆ. ಎರಡು ನಿಮಿಷಕ್ಕೆ ಕೈ ತಾನಾಗಿ ಹೋಗಿ ಎತ್ತಿತು. ಎಡಗಡೆ, ಮೇಲೆ, ನೆಲ್ಲಿಕಾಯಿಯಷ್ಟು ಒಂದು ಬಿಳಿ ಗಂಟು. ಅದು ಕ್ಷಯದ ಆಕಾರ ಅಲ್ಲ. ಕ್ಷಯ ಆಗಿದ್ದರೆ ಮಾತ್ರೆ ಇತ್ತು. ದ್ರಾವಣದ ಗುಳ್ಳೆ ಇರಬಹುದೆಂದು ಮುಳುಗಿಸಿದೆ. ಮತ್ತೆ ಎತ್ತಿದೆ. ಅಲ್ಲೇ ಇತ್ತು. ಗಂಟೆ ಬಡಿಯಿತು, ಬಡಿದು ಬಡಿದು ತಾನೇ ನಿಂತಿತು. ನಾನು ಮತ್ತೆ ಮುಳುಗಿಸಿದೆ, ಮತ್ತೆ ಎತ್ತಿದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಅದು ಬೇರೆ ಏನಾದರೂ ಆಗಿ ಕಂಡೀತು ಎಂಬ ಹುಚ್ಚು. ಎಷ್ಟು ಸಲ ಎತ್ತಿದೆನೋ ಲೆಕ್ಕ ಇಟ್ಟಿಲ್ಲ.

ಫ್ಯಾನಿನ ಕೆಳಗೆ ಒಣಗಿಸಿ, ಬಿಳಿ ಶಾಯಿಯಲ್ಲಿ ಹೆಸರು ಬರೆದು ತಂದೆ. ನೇರ ಡಾಕ್ಟರ ಕೋಣೆಗೆ ಒಯ್ಯುವವನಿದ್ದೆ. ಮಾಸ್ಟ್ರು ಕೈ ಚಾಚಿದರು. ಫಿಲ್ಮನ್ನು ಅವರಿಗೆ ಕೊಟ್ಟೆ. ಬೆಳಕಿನ ಪೆಟ್ಟಿಗೆಯ ಮೇಲೆ ತಾವೇ ಫಿಲ್ಮು ಸಿಕ್ಕಿಸಿದರು. ಕಿಸೆಯಲ್ಲಿ ತಡಕಾಡಿದರು, ಅಲ್ಲಿ ಇನ್ನೂ ಇತ್ತು ಕಪ್ಪು ಕಾಗದದ ಚೂರು. ಅದನ್ನು ತಮ್ಮದೇ ಹೆಸರಿನ ಮೇಲೆ ಅಂಟಿಸಿದರು.

ಶ್ವಾಸಕೋಶದ ಕಡೆ ಅವರು ನೋಡಲಿಲ್ಲ. ಕನ್ನಡಕ ಏರಿಸಿ, ಒಳ್ಳೆಯ ಕಣ್ಣನ್ನು ಮೇಲಿನ ಮೂಲೆಯ ಹತ್ತಿರ ತಂದರು. 

"ಮೂಲೆ ಎರಡು," ಎಂದರು, ಶನಿವಾರಗಳಲ್ಲಿ ನಾನು ಕೂಗುತ್ತಿದ್ದ ಅದೇ ರಾಗದಲ್ಲಿ.

"ಮಾಸ್ಟ್ರೆ, ಗಂಟೆ ಸರಿಯೇ ಬಡಿದಿತ್ತು. ನಾನೇ..."

"ನನಗೂ ಕೇಳಿತು. ಮತ್ತೆಯೂ ನೀವು ಹೊರಗೆ ಬರ್ಲಿಲ್ಲ." ನನ್ನ ಕಂದು ಉಗುರಿನ ಕೈಯನ್ನು ಒಮ್ಮೆ ಹಿಡಿದು ಬಿಟ್ಟರು. "ನಮ್ಮ ಕಂಪ್ಯೂಟರ್ ತಪ್ಪು ಹೇಳಿದ್ದಲ್ಲ ನೋಡಿ."

ಬೆಳಕಿನ ಪೆಟ್ಟಿಗೆಯನ್ನು ಆರಿಸಿ, ಫಿಲ್ಮನ್ನು ಲಕೋಟೆಗೆ ಹಾಕಿ, ಕೊಡೆ ಎತ್ತಿಕೊಂಡರು. ಡಾಕ್ಟರ ಬಾಗಿಲಲ್ಲಿ ಸಾಲು ಉದ್ದ ಇತ್ತು. ಹೋಗಿ ಅದರ ಕೊನೆಯಲ್ಲಿ ನಿಂತರು.